ಗೊಣಗದ ಡಾಲಿ

ಡೆಲ್ಸಾ ರಿಚ್ಚಿಗೆ ಹದಿನಾರು ತುಂಬಿದ್ದರೂ ಹೇಳಿಕೊಳ್ಳುವಂಥ ಒಬ್ಬ ಪೂರ್ವಜನೂ ಇರಲಿಲ್ಲ. ಬೇರೆ ಕಡೆಯಾದರೆ ಇದೊಂದು ಕೊರತೆಯೇ ಅಲ್ಲ. ಆದರೆ ಅಮೆರಿಕದ ಐಡಹೋದ ಆ ಪುಟ್ಟ ಊರಿನ ಮಾರ್ಮನ್ ಕ್ರೈಸ್ತರ ಸಭೆಯಲ್ಲಿ, ನೂರೆಪ್ಪತ್ತು ವರ್ಷದ ಹಿಂದೆ ಧರ್ಮಕ್ಕಾಗಿ ಕೈಗಾಡಿ ಎಳೆದುಕೊಂಡು ಬಯಲು ದಾಟಿ ಬಂದ ಅಜ್ಜನೋ ಅಜ್ಜಿಯೋ ಇಲ್ಲದವರು ಕರೆಯದೆ ಬಂದ ನೆಂಟರಂತೆ ಮೂಲೆ ಹಿಡಿಯಬೇಕಿತ್ತು. ಯಾರೂ ಹಾಗೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳದೆಯೇ ಮನವರಿಕೆ ಮಾಡಿಸುವುದರಲ್ಲಿ ಅಲ್ಲಿಯವರು ಚೆನ್ನಾಗಿ ಪಳಗಿದ್ದರು.

ಅವಳ ಅಪ್ಪ ಅಮ್ಮ ಎಂಟು ವರ್ಷದ ಹಿಂದಷ್ಟೇ ನೆಬ್ರಾಸ್ಕಾದಿಂದ ಬಂದು ಈ ಧರ್ಮ ಸೇರಿದವರು. ಪ್ರಾರ್ಥನೆಯಲ್ಲಿ ಅವಳ ಪಕ್ಕ ಕೂರುವ ಬ್ರೆಕ್ಲಿನ್ ಹ್ಯಾಚ್‌ಗೋ, ಗಾಡಿ ಎಳೆದ ಪೂರ್ವಜರು ಎಂಟು ಜನ. ಅವರಲ್ಲೊಬ್ಬರ ಕಾಲ್ಬೆರಳು ಚಳಿಗೆ ಉದುರಿಹೋಗಿದ್ದವು, ಇನ್ನೊಬ್ಬಾಕೆ ಹಿಮದ ಮೇಲೆ ಹೆತ್ತು ಮಾರನೆಯ ದಿನ ಹದಿನೈದು ಮೈಲಿ ನಡೆದಿದ್ದಳು. ಆ ನಡಿಗೆಯ ನೆನಪಿಗೆ ಊರಿನ ಮಕ್ಕಳು ಗಾಡಿ ಎಳೆಯುವ ಹೋದ ವರ್ಷದ ಶಿಬಿರದಲ್ಲಿ ಪೂರ್ವಜರಿಲ್ಲದವರಿಗೆಂದು ಹೆಸರಿನ ಚೀಟಿಗಳ ಒಂದು ಡಬ್ಬಿ ಇಟ್ಟಿದ್ದರು. ಡೆಲ್ಸಾ ಕೈಹಾಕಿ ಎತ್ತಿದ ಚೀಟಿಯಲ್ಲಿ ಸ್ವೀಡನ್ನಿನ ಟೋಪಿ ಹೊಲಿಯುವವನೊಬ್ಬ ಬಂದ. ಅವನು ಹೊರಟ ಮೂರನೆಯ ದಿನವೇ ಹೊಟ್ಟೆ ಕೆಟ್ಟು ಸತ್ತಿದ್ದ. ಎರಡು ದಿನ ಅವನ ಹೆಸರನ್ನು ಕೊರಳಿಗೆ ಕಟ್ಟಿಕೊಂಡು ಓಡಾಡುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು.

ಆ ಹಟಕ್ಕೆ ಚಳಿಗಾಲವಿಡೀ ಹಳೆಯ ದಾಖಲೆಗಳನ್ನು ಜಾಲಾಡಿ, ಅಮ್ಮನ ಕಡೆಯ ಎನೋಸ್ ಪೆಟಿಂಗಿಲ್ ಎಂಬ ಮುತ್ತಜ್ಜನ ಅಜ್ಜನನ್ನು ಹಿಡಿದೇಬಿಟ್ಟಳು. ಅವನು ಕೈಗಾಡಿ ತಂಡದ ಜೊತೆ ಬಂದು, ನಾಲ್ಕು ವರ್ಷ ಇದ್ದು, ಬೇಲಿಯ ವಿಷಯಕ್ಕೆ ಬಿಷಪ್ಪರ ಹತ್ತಿರ ಜಗಳ ಮಾಡಿಕೊಂಡು ವಾಪಸು ಹೋದ ಆಸಾಮಿ. ಆರೆಗನ್ನಿನ ದೂರದ ನೆಂಟನೊಬ್ಬ ಅವನ ದಿನಚರಿಯ ಒಂದು ಹಾಳೆ ಕಳಿಸಿ, ಮಿಕ್ಕಿದ್ದನ್ನು ಆಮೇಲೆ ಕಳಿಸುವುದಾಗಿ ಬರೆದ. ಹಾಳೆಯಲ್ಲಿ ಇದ್ದದ್ದು ಇಷ್ಟು: ಹೊರಟವರು ನಾನು, ಮಾರ್ಗರೆಟ್, ಹುಡುಗರಿಬ್ಬರು ಮತ್ತು ಡಾಲಿ. ಗಾಡಿ ಎಳೆಯಲು ಡಾಲಿ ಇಲ್ಲದಿದ್ದರೆ ನಾವಿಲ್ಲ. ಒಂದು ದಿನವೂ ಗೊಣಗಾಟವಿಲ್ಲ. ಡಾಲಿಯ ಬೆನ್ನ ಮೇಲೆ ಹುಡುಗರಿಬ್ಬರೂ ನದಿ ದಾಟಿದರು. ಇವತ್ತು ಡಾಲಿ ಸತ್ತ ದಿನ. ಎಲ್ಲರೂ ಅತ್ತೆವು.

ಡೆಲ್ಸಾ ಕೂಡ ಅತ್ತಳು. ಅತ್ತು ಮುಗಿಸಿ, ವಂಶವೃಕ್ಷದಲ್ಲಿ ಮಗಳು ಡಾಲಿ ಪೆಟಿಂಗಿಲ್, ವಯಸ್ಸು ಸುಮಾರು ಒಂಬತ್ತು ಎಂದು ಬರೆದಳು. ಒಂಬತ್ತು ವರ್ಷದ ಹುಡುಗಿ ಇಬ್ಬರನ್ನು ಹೊತ್ತು ನದಿ ದಾಟುವುದುಂಟೇ ಎಂದು ಅವಳಿಗೆ ಅನಿಸಲಿಲ್ಲ. ಆ ಊರಿನವರ ಪೂರ್ವಜರು ಬೆಳಗಿನ ತಿಂಡಿಗೆ ಮುಂಚೆಯೇ ಇದಕ್ಕಿಂತ ದೊಡ್ಡ ಸಾಹಸ ಮಾಡಿ ಮುಗಿಸಿರುತ್ತಿದ್ದರು. ಬದುಕಿರುವ ಮಕ್ಕಳು ಮಂದಿರದಲ್ಲಿ ತೀರಿಹೋದ ಹಿರಿಯರ ಹೆಸರಿನಲ್ಲಿ ನೀರಿಗೆ ಮುಳುಗಿ ದೀಕ್ಷಾಸ್ನಾನ ಪಡೆಯುವುದು ಅಲ್ಲಿನ ಪದ್ಧತಿ. ಡಾಲಿಯ ಹೆಸರಿನಲ್ಲಿ ಮುಳುಗಲು ಡೆಲ್ಸಾ ಶಿಬಿರದ ನಂತರದ ಬುಧವಾರವನ್ನೇ ಗೊತ್ತುಮಾಡಿಕೊಂಡಳು.

ಜೂನ್ ತಿಂಗಳ ಒಂದು ಶುಕ್ರವಾರ ಶಿಬಿರ ಶುರುವಾಯಿತು. ಎಂಬತ್ತು ಹುಡುಗ ಹುಡುಗಿಯರು, ಎಂಟು ಕೈಗಾಡಿ. ಹಿರಿಯರು ನಡೆದಂತೆಯೇ ನಡೆಯಬೇಕು. ಹುಡುಗಿಯರಿಗೆ ಪಾದ ಮುಚ್ಚುವ ಲಂಗ, ಗಲ್ಲಕ್ಕೆ ಕಟ್ಟುವ ಟೋಪಿ. ಫೋನುಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿಸಿಕೊಂಡರು. ಗಾಡಿಗೊಂದು ಕುಟುಂಬ, ಕುಟುಂಬಕ್ಕೊಬ್ಬ ಎರಡು ದಿನದ ಅಪ್ಪ. ಡೆಲ್ಸಾಳ ಪಾಲಿಗೆ ಬಂದ ಅಪ್ಪ ಹಲ್ಲಿನ ಡಾಕ್ಟರು ಬ್ರದರ್ ಥೇನ್, ಕಣ್ಣೀರು ಬೇಗ ಬರುವ ಮನುಷ್ಯ. ಆ ಸಭೆಯಲ್ಲಿ ದೊಡ್ಡವರೆಲ್ಲ ಬ್ರದರ್ ಇಲ್ಲವೇ ಸಿಸ್ಟರ್. ಡಾಲಿಯ ಕತೆ ಕೇಳಿ ಅವರು ಕರವಸ್ತ್ರ ಒದ್ದೆ ಮಾಡಿಕೊಂಡು, ಗಾಡಿಯ ಮೇಲೆ ಸೀಮೆಸುಣ್ಣದಲ್ಲಿ ಡಾಲಿ ಎಂದು ಬರೆದರು. ಮಧ್ಯಾಹ್ನದ ಹೊತ್ತಿಗೆ ಎಂಟೂ ಗಾಡಿಯವರು ಸುಸ್ತಾದಾಗಲೆಲ್ಲ 'ಡಾಲಿ ಗೊಣಗಲಿಲ್ಲ' ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ಬ್ರೆಕ್ಲಿನ್ ಹ್ಯಾಚ್ ತಾನಾಗಿಯೇ ಬಂದು ಡೆಲ್ಸಾಳ ಪಕ್ಕ ಕೂತು ಊಟ ಮಾಡಿದಳು. ಡೆಲ್ಸಾಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಜೀವ ಹೋಗುತ್ತಿತ್ತು. ಆದರೂ ತುಟಿಪಿಟಕ್ಕೆನ್ನಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ಅವಳು ಆ ಊರಿನವಳಾಗಿದ್ದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಿಸ್ಟರ್ ಓವರ್‌ಸನ್ ನೀರಿನ ಡ್ರಮ್ಮುಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಬಂದರು. ಎಂಬತ್ತೊಂದು ವರ್ಷದ ಆ ಮುದುಕಿ ಊರಿನವರೆಲ್ಲರ ವಂಶವೃಕ್ಷಕ್ಕೂ ಕಾವಲುಗಾರ್ತಿ. ಡೆಲ್ಸಾಳ ನೆಂಟ ಸಭೆಯ ವಿಳಾಸಕ್ಕೆ ಕಳಿಸಿದ್ದ ಲಕೋಟೆ ಅವರ ಕೈಯಲ್ಲಿತ್ತು. ಡೆಲ್ಸಾ ಪಿಕಪ್ಪಿನ ನೆರಳಲ್ಲಿ ಕೂತು ಒಡೆದು ಓದಿದಳು.

ಮೊದಲ ಸಾಲೇ ಹೀಗಿತ್ತು: ಡಾಲಿಯನ್ನು ಇವತ್ತು ಬೇಯಿಸಿದೆವು. ಮಾಂಸ ಗಟ್ಟಿ. ನಾಲಿಗೆ ಮಾರ್ಗರೆಟ್‌ಗೆ ಕೊಟ್ಟೆ.

ಡೆಲ್ಸಾ ಓದುವುದನ್ನು ಅಲ್ಲೇ ನಿಲ್ಲಿಸಿದಳು. ತನ್ನ ಮೈಯಲ್ಲಿ ಎಂಥವರ ರಕ್ತ ಹರಿಯುತ್ತಿದೆ ಎಂದು ಕೈ ತಿರುವಿ ನೋಡಿಕೊಂಡಳು. ಮುಂದಿನ ಸಾಲು ಹೀಗಿತ್ತು: ಕೊಂಬು ಹುಡುಗರು ಇಟ್ಟುಕೊಂಡರು. ಹೇಗೂ ಹಾಲು ನಿಂತು ತಿಂಗಳಾಗಿತ್ತು.

ಸದ್ಯ, ಹಸು ಎಂದು ಅವಳಿಗೆ ಹೋದ ಜೀವ ಬಂದಂತಾಯಿತು. ಆ ನೆಮ್ಮದಿ ಅರ್ಧ ನಿಮಿಷವೂ ಉಳಿಯಲಿಲ್ಲ.

ಹಾಳೆ ನೋಡಿದ ಸಿಸ್ಟರ್ ಓವರ್‌ಸನ್ ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, ಬಿದ್ದುಬಿದ್ದು ನಕ್ಕರು.

"ಅಲ್ಲ ಕಣೇ, ಬುಧವಾರ ನೀನು ಹಸೂಗೆ ದೀಕ್ಷಾಸ್ನಾನ ಮಾಡಿಸೋಳಿದ್ದೆ."

"ನಗಬೇಡಿ ಸಿಸ್ಟರ್. ಇದನ್ನ ಹೇಳಿದ್ರೆ ನಾನು ಮತ್ತೆ ಆ ಡಬ್ಬಿ ಚೀಟಿಗೇ ವಾಪಸ್. ಹೇಳ್ದೆ ಇದ್ರೆ ಯಾರಿಗೂ ಗೊತ್ತಾಗಲ್ಲ."

"ಮೇಲಿರೋನಿಗೆ ಗೊತ್ತು. ಈಗ ನಂಗೂ ಗೊತ್ತಾಯ್ತು. ಬುಧವಾರದ ಹೆಸರು ನಾನೇ ತೆಗೆಸ್ತೀನಿ, ಅದು ಬಿಡು. ಇವರ ಮುಂದೆ ಏನು ಹೇಳ್ತೀಯೋ ಅದು ನಿನ್ನ ಬಾಯಿ, ನಿನ್ನಿಷ್ಟ."

ಅಷ್ಟರಲ್ಲಿ ಸೀಟಿ ಊದಿದರು. ಉಳಿದ ಹಾಳೆಗಳನ್ನು ಡೆಲ್ಸಾ ಲಂಗದ ಜೇಬಿಗೆ ತುರುಕಿಕೊಂಡಳು.

ಮುಂದಿದ್ದದ್ದು ಕೊನೆಯ ದಿಬ್ಬ. ಅಲ್ಲಿ ಹುಡುಗರು ಎರಡು ಸಾಲಾಗಿ ನಿಂತು, ಟೋಪಿ ತೆಗೆದು ಎದೆಗೆ ಹಿಡಿದು, ಉಸಿರೆತ್ತದೆ ನೋಡುತ್ತಿರಬೇಕು. ಹುಡುಗಿಯರೇ ಗಾಡಿಗಳನ್ನು ಮೇಲಕ್ಕೆಳೆಯಬೇಕು. ಗಂಡಸರು ಸತ್ತಮೇಲೆ ಹೆಂಗಸರು ಎಳೆದದ್ದರ ನೆನಪಿಗೆ ಹಾಗೆ. ಪ್ರತಿ ಶಿಬಿರದಲ್ಲೂ ಆ ಮೌನಕ್ಕೆ ಕಲ್ಲೂ ಕರಗುತ್ತಿತ್ತು. ಅದಕ್ಕೆ ಮುಂಚೆ ಒಂದಿಬ್ಬರು ತಮ್ಮ ಪೂರ್ವಜರ ಕತೆ ಹೇಳುವುದು ವಾಡಿಕೆ. ಕೊನೆಗೆ ಬ್ರದರ್ ಥೇನ್ ಒಣಗಿದ ಕರವಸ್ತ್ರವೊಂದನ್ನು ಸಿದ್ಧ ಮಾಡಿಕೊಂಡು ಡೆಲ್ಸಾಳನ್ನು ಕರೆದರು.

ನಿನ್ನೆಯ ಕತೆಯನ್ನೇ ಇನ್ನೊಮ್ಮೆ ಹೇಳಿದ್ದರೆ ಆಗುತ್ತಿತ್ತು. ಅದಕ್ಕೆಂದೇ ಅವಳು ಬಾಯಿ ತೆರೆದಳು. ಎದುರಿಗಿದ್ದ ಸಣ್ಣ ಹುಡುಗಿಯೊಬ್ಬಳು ಮುಂಗೈ ಮೇಲೆ ಪೆನ್ನಿನಿಂದ ಡಾಲಿ ಎಂದು ಬರೆದುಕೊಂಡಿದ್ದಳು. ಅದನ್ನು ನೋಡಿದ ಮೇಲೆ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಡಾಲಿ ನಮ್ಮನೆ ಹುಡುಗಿ ಅಲ್ಲ. ಹಸು," ಎಂದಳು ಡೆಲ್ಸಾ. "ನಾನು ತಪ್ಪಾಗಿ ಬರ್ಕೊಂಡಿದ್ದೆ. ಸತ್ಮೇಲೆ ನಮ್ಮೋರು ಅದನ್ನ ತಿಂದ್ರು."

ಬ್ರದರ್ ಥೇನ್ ಕರವಸ್ತ್ರವನ್ನು ನಿಧಾನವಾಗಿ ಮಡಚಿದರು.

"ಪೂರ್ತಿನಾ?" ಎಂದು ಕೇಳಿದರು.

"ನಾಲಿಗೆ ಸಮೇತ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಲ್ಲಿಂದ ನಗು ಹಬ್ಬಿ ಇಡೀ ಗುಂಪೇ ಹೊಟ್ಟೆ ಹಿಡಿದುಕೊಂಡಿತು. ಡೆಲ್ಸಾಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. ಬ್ರೆಕ್ಲಿನ್ ಒಬ್ಬಳು ನಗಲಿಲ್ಲ. ಗಾಡಿಯ ವಿಷಯದಲ್ಲಿ ಅವಳು ಯಾವತ್ತೂ ನಗುವವಳಲ್ಲ.

"ಹಂಗಾದ್ರೆ ಹಸು ಸತ್ಮೇಲೆ ಗಾಡಿ ಎಳೆದಿದ್ದು ಯಾರೇ?" ಎಂದಳು.

ಅಷ್ಟು ದೂರ ಡೆಲ್ಸಾ ಇನ್ನೂ ಓದಿರಲಿಲ್ಲ. ಜೇಬಿನ ಹಾಳೆಗಳನ್ನು ತೆಗೆದು, ಎಲ್ಲರ ಮುಂದೆಯೇ ಓದತೊಡಗಿದಳು.

ನನ್ನ ಕಾಲು ಊದಿದೆ. ಇವತ್ತಿನಿಂದ ನೊಗಕ್ಕೆ ಮಾರ್ಗರೆಟ್. ಹದಿನಾಲ್ಕು ಮೈಲಿ. ದಿನವಿಡೀ ಗೊಣಗಿದಳು.

ಹದಿನೇಳು ಮೈಲಿ. ಗೊಣಗಾಟ ನಿಂತಿಲ್ಲ. ನನ್ನನ್ನು, ಬಿಷಪ್ಪರನ್ನು, ಹಿಟ್ಟನ್ನು, ಗಾಳಿಯನ್ನು ಬೈದಳು.

ನಡೆಯಲಾಗದೆ ಬಿದ್ದೆ. ನನ್ನನ್ನೂ ಎತ್ತಿ ಗಾಡಿಗೆ ಹಾಕಿಕೊಂಡಳು. ಇಪ್ಪತ್ತೊಂದು ಮೈಲಿ. ಅವಳ ದನಿ ಮೂರು ಗಾಡಿ ಆಚೆಗೂ ಕೇಳಿಸಿತಂತೆ.

ನಾವು ಸೇರಬೇಕಿದ್ದ ಕಣಿವೆ ಕಂಡಿತು. ಎಲ್ಲರೂ ಮೊಣಕಾಲೂರಿದರು. ಮಾರ್ಗರೆಟ್‌ಗೆ ಕಣಿವೆ ಹಿಡಿಸಲಿಲ್ಲ.

ಓದಿ ಮುಗಿಸುವಷ್ಟರಲ್ಲಿ ನಗು ನಿಂತಿತ್ತು. ಡೆಲ್ಸಾಳ ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. ಆರು ತಿಂಗಳಿಂದ ಮಾರ್ಗರೆಟ್ ಎಂಬ ಹೆಸರು ಮೊದಲ ಹಾಳೆಯ ಸಾಲಿನಲ್ಲಿ ಎರಡನೆಯದಾಗಿ ಕೂತೇ ಇತ್ತು. ಡೆಲ್ಸಾಳೇ ಅದನ್ನು ದಾಟಿಕೊಂಡು ಹಸುವಿನ ಹಿಂದೆ ಹೋಗಿದ್ದಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು.

"ಇವಳು ನಮ್ಮಜ್ಜಿ," ಎಂದಳು.

ಹುಡುಗರು ಸಾಲಾಗಿ ನಿಂತು ಟೋಪಿ ತೆಗೆದರು. ಗಾಡಿಯ ಅಡ್ಡಪಟ್ಟಿಗೆ ಡೆಲ್ಸಾ ಎದೆ ಕೊಟ್ಟಳು, ಪಕ್ಕದಲ್ಲಿ ಬ್ರೆಕ್ಲಿನ್. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಬಲಗಾಲಿನ ಬೊಬ್ಬೆ ಒಡೆಯಿತು.

"ನನ್ ಕಾಲು ಸತ್ತೋಯ್ತು," ಎಂದಳು ಡೆಲ್ಸಾ ಗಟ್ಟಿಯಾಗಿ. "ಈ ಲಂಗದ ಯೋಚ್ನೆ ಬಂದಿದ್ದು ಯಾವ ಪುಣ್ಯಾತ್ಮನಿಗೆ? ಬೆಳಿಗ್ಗೆ ಕೊಟ್ಟ ಗಂಜಿ ಗೋಡೆಗೆ ಬಳಿಯೋಕೂ ಲಾಯಕ್ಕಿಲ್ಲ."

ಬ್ರೆಕ್ಲಿನ್ ಅತ್ತ ಇತ್ತ ನೋಡಿದಳು. ಹುಟ್ಟಿದಾಗಿನಿಂದ ಎಂಟು ಜನ ವೀರರು ಅವಳ ಬಾಯಿಗೆ ಬೀಗ ಹಾಕಿ ಕೂತಿದ್ದರು.

"ನಂಗೆ ಈ ಟೋಪಿ ಕಂಡ್ರೆ ಮೈಯೆಲ್ಲ ಉರಿಯತ್ತೆ," ಎಂದಳು ಮೆಲ್ಲಗೆ. ಆಮೇಲೆ ಅದನ್ನೇ ಜೋರಾಗಿ ಹೇಳಿದಳು.

ಹಿಂದಿನ ಗಾಡಿಯವರು ಸೊಳ್ಳೆಗಳನ್ನು ಬೈದರು, ಅದರ ಹಿಂದಿನವರು ಡೇರೆಗಳನ್ನು ಬೈದರು. ಆಮೇಲೆ ಶಿಬಿರದ ಸಮಿತಿಯನ್ನು ಒಬ್ಬೊಬ್ಬರದೇ ಹೆಸರು ಹಿಡಿದು ಬೈಯುವುದು ಶುರುವಾಯಿತು. ಟೋಪಿ ಎದೆಗೊತ್ತಿಕೊಂಡ ಹುಡುಗರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬ್ರದರ್ ಥೇನ್ ಮಾತ್ರ ಯಾವುದಕ್ಕೂ ಇರಲಿ ಎಂದು ಅತ್ತರು. ದಿಬ್ಬದ ತುದಿಯವರೆಗೆ ನಲವತ್ತು ಹುಡುಗಿಯರ ಗೊಣಗಾಟ ಒಂದು ಗಳಿಗೆಯೂ ನಿಲ್ಲಲಿಲ್ಲ, ಗಾಡಿಗಳೂ ನಿಲ್ಲಲಿಲ್ಲ.