ಕಾಪುವಿಗೆ ಹೋಗದ ಲಾರಿ

ಎಂಜಿನ್ ಶುರುವಾದ ಕೂಡಲೇ ಗುಣವತಿಗೆ ಆ ಸದ್ದು ಕೇಳಿಸಿತು. ಡೀಸೆಲಿನ ದೊಡ್ಡ ಗದ್ದಲದ ಕೆಳಗೆ, ಮುಚ್ಚಿದ ಕೋಣೆಯೊಳಗಿಂದ ಯಾರೋ ಬಾಗಿಲು ಬಡಿದಂತೆ, ಟಕ್, ಟಕ್. ಗಂಡ ವಿಠಲ ಬಾನೆಟ್ಟಿನ ಪಕ್ಕ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಮುಖದಲ್ಲಿ ಕೆಲಸ ಮುಗಿದ ಸಮಾಧಾನ.

ಕಾರ್ಕಳ ಪೇಟೆ ದಾಟಿದ ಮೇಲೆ ಸಿಗುವ ಈ ಶೆಡ್ಡಿನಲ್ಲಿ ಅವರಿಗಿರುವುದು ಒಂದೇ ಲಾರಿ, ಮಿಲಿಟರಿಯವರು ಹರಾಜು ಹಾಕಿದ ಹಳೆಯ ಶಕ್ತಿಮಾನ್. ನೀಲಿ ಬಣ್ಣ ಎದ್ದುಹೋದಲ್ಲೆಲ್ಲ ಒಳಗಿನ ಸೇನೆಯ ಹಸಿರು ಕಾಣುತ್ತದೆ. ಹೂತ ಟಿಪ್ಪರ್, ಬಿದ್ದ ಮರ, ಎಂಥದ್ದನ್ನೂ ಎಳೆಯುತ್ತದೆ. ಆದರೆ ಹೊಸ ಬಿಡಿಭಾಗ ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಗುಜರಿಯಿಂದ ತಂದದ್ದನ್ನೇ ಉಜ್ಜಿ, ಅರೆದು ಹೊಂದಿಸಬೇಕು. ಈ ಸಲ ವಿಠಲ ಸವೆದ ಬೇರಿಂಗಿನ ಹಿಂದೆ ತೆಳು ಹಿತ್ತಾಳೆ ತಗಡು ಕತ್ತರಿಸಿ ಇಟ್ಟಿದ್ದ. ತಗಡು ಸರಿಯಾಗಿ ಕೂತಿತೋ ಇಲ್ಲವೋ ಎಂದು ಹೇಳಬೇಕಾದದ್ದು ಕಿವಿ. ಆ ಕಿವಿ ಅವನಿಗೆ ಈಗ ಉಳಿದಿರಲಿಲ್ಲ.

ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅವಳಿಗೂ. ಅವಳೂ ಕೇಳಿರಲಿಲ್ಲ. ಗಿರಾಕಿಗಳು ಬಂದಾಗ ಅವನಿಗೆ ಎದುರಾಗಿ ನಿಂತು ಅವರ ಮಾತನ್ನೇ ಪ್ರಶ್ನೆಯ ಹಾಗೆ ಮತ್ತೊಮ್ಮೆ ಆಡುತ್ತಿದ್ದಳು. "ಟಯರ್ ಹೂತದ್ದಾ? ಗದ್ದೆಯಲ್ಲಾ?" ಅವನು ಅವಳ ತುಟಿ ನೋಡಿ ಗಿರಾಕಿಗೆ ಉತ್ತರ ಕೊಡುತ್ತಿದ್ದ. ಗಿರಾಕಿ ಹೋದ ಮೇಲೆ ಅವಳ ಮುಖ ನೋಡುವ ಅಗತ್ಯ ಅವನಿಗೆ ಬೀಳುತ್ತಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಿದ್ದ. ಅವಳು ಮೊದಮೊದಲು ಮಾತು ಶುರು ಮಾಡಿ ಅರ್ಧದಲ್ಲಿ ಬಿಡುತ್ತಿದ್ದಳು. ಆಮೇಲೆ ಶುರು ಮಾಡುವುದನ್ನೇ ಬಿಟ್ಟಳು.

"ಹೊರಡುವ ಅಲ್ವಾ ವಿಠಲಣ್ಣ?" ಎಂದ ಜೋಕಿಮ್. ಕಾಪುವಿನಲ್ಲಿ ಅವನ ದೋಣಿ ಮರಳಿನಲ್ಲಿ ಸಿಕ್ಕಿಕೊಂಡಿತ್ತು, ಕಡಲು ಏರುತ್ತಿತ್ತು. ಮರಳಿನ ಮೇಲೆ ಹೂತುಹೋಗದೆ ಎಳೆಯಬಲ್ಲ ಗಾಡಿ ಇದೊಂದೇ ಎಂದು ಅವನೇ ಬೈಕಿನಲ್ಲಿ ಓಡಿ ಬಂದಿದ್ದ. "ನಿಮ್ಮ ಅಜ್ಜಿ ಇವತ್ತು ಒಳ್ಳೆ ಹಾಡ್ತಾಳೆ ಮಾರಾಯ್ರೆ!" ಎಂದು ಲಾರಿಯ ಬಾಗಿಲು ತಟ್ಟಿದ.

ಈ ಸಲ ಗುಣವತಿ ಅವನ ಮಾತನ್ನು ತಿರುಗಿ ಆಡಲಿಲ್ಲ. ಈ ಬಡಿತ ಇಟ್ಟುಕೊಂಡು ಹೊರಟರೆ ಕಾಪು ಮುಟ್ಟುವ ಮೊದಲೇ ಎಂಜಿನ್ ಒಡೆಯುತ್ತದೆ. ಒಡೆದರೆ ಶೆಡ್ಡಿಗೆ ಬೀಗವೇ ಸರಿ. ಜೋಕಿಮನ ಎದುರು ಬಾಯಿ ಬಿಟ್ಟರೆ, ವಿಠಲಣ್ಣನಿಗೆ ಕಿವಿ ಕೇಳುವುದಿಲ್ಲವಂತೆ ಎಂಬುದು ಸಂಜೆಯೊಳಗೆ ಉಡುಪಿಯವರೆಗೂ ಹೋಗುತ್ತದೆ. ವಿಠಲ ಕ್ಯಾಬಿನ್ನಿನ ಮೆಟ್ಟಿಲಿಗೆ ಕಾಲಿಟ್ಟ. ಅವಳು ಆಚೆ ಬದಿಯಿಂದ ಹತ್ತಿ, ಎಂಜಿನ್ ನಿಲ್ಲಿಸುವ ಕೇಬಲ್ ಎಳೆದುಬಿಟ್ಟಳು.

"ಎಂತ ಮಾಡಿದ್ದು ನೀನು?"

"ಒಳಗೆ ಬಡಿತ ಉಂಟು."

"ಎಂತ ಬಡಿತ? ನನಗೆ ಕೇಳದ್ದು ನಿನಗೆ ಕೇಳ್ತದಾ?"

"ಕೇಳ್ತದೆ."

ಜೋಕಿಮ್ ನಕ್ಕ. "ಬಿ.ಕಾಂ. ಮಾಡಿದ್ದಲ್ವಾ ಅಕ್ಕ, ಲಾರಿಗೂ ಆಡಿಟ್!"

ಗುಣವತಿ ಎಂಜಿನ್ನನ್ನು ಮತ್ತೆ ಶುರು ಮಾಡಿ ಕೆಳಗಿಳಿದಳು. ಉದ್ದದ ಸ್ಕ್ರೂಡ್ರೈವರ್ ತಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ವಿಠಲನನ್ನು ತೋಳು ಹಿಡಿದು ಬಗ್ಗಿಸಿ, ಹಿಡಿಯನ್ನು ಅವನ ಕಿವಿಯ ಹಿಂದಿನ ಎಲುಬಿಗೆ ಇಟ್ಟಳು. ಮದುವೆಯಾದ ಹೊಸತರಲ್ಲಿ ಅವನೇ ಅವಳಿಗೆ ಹೀಗೆ ಎಂಜಿನ್ನಿನ ಒಳಗನ್ನು ಕೇಳಿಸಿದ್ದ. ಅವನು ಸಿಟ್ಟಿನಿಂದ ತಲೆ ಕೊಡವಿದ. ಮತ್ತೆ ತಟಕ್ಕನೆ ನಿಂತ; ಬಡಿತ ಎಲುಬಿಗೇ ತಾಗಿರಬೇಕು. ಅವನ ಕೈ ಮೇಲೆ ಬಂದು, ಅವಳ ಬೆರಳುಗಳ ಸಮೇತ ಹಿಡಿಯನ್ನು ಎಲುಬಿಗೆ ಇನ್ನಷ್ಟು ಒತ್ತಿಕೊಂಡಿತು. ಕಣ್ಣು ಮುಚ್ಚಿಕೊಂಡ.

ಆಮೇಲೆ ತಾನೇ ಹತ್ತಿ ಎಂಜಿನ್ ನಿಲ್ಲಿಸಿದ.

"ಬೇರೆ ಗಾಡಿ ನೋಡಿ ಜೋಕಿಮ್. ಇದು ಬರುವುದಿಲ್ಲ."

ಜೋಕಿಮ್ ಸ್ಕ್ರೂಡ್ರೈವರನ್ನು ನೋಡಿದ, ಅವಳನ್ನು ನೋಡಿದ. ನಗು ಇಳಿಯಿತು. "ಆಗಲಿ ವಿಠಲಣ್ಣಾ! ನಾನು ಬರ್ತೇನೆ!" ಎಂದು ರಸ್ತೆಯ ಆಚೆ ಬದಿಯಲ್ಲಿರುವವನನ್ನು ಕೂಗುವಂತೆ ಕೂಗಿ ಹೇಳಿ ಹೋದ. ಅವನು ಹಾಗೆ ಕೂಗಿದ್ದು ಅದೇ ಮೊದಲು. ಅವನ ಬಾಯಿ ಅಷ್ಟಗಲ ತೆರೆದದ್ದನ್ನು ಕಂಡು ವಿಠಲ ಮುಖ ತಿರುಗಿಸಿದ.

ಅವನು ಗೋಣಿ ಹಾಸಿ, ಕೈದೀಪ ಹಿಡಿದು ಲಾರಿಯ ಕೆಳಗೆ ತೂರಿದ. ಬಿಸಿ ಎಣ್ಣೆ ತಗಡಿನ ತಟ್ಟೆಗೆ ಇಳಿಯತೊಡಗಿತು. ಹೊರಗೆ ಅವನ ಕಾಲುಗಳಷ್ಟೇ ಕಾಣುತ್ತಿದ್ದವು.

"ಯಾವಾಗಿಂದ ಗೊತ್ತು ನಿನಗೆ?" ಒಳಗಿನಿಂದ ಕೇಳಿದ.

"ತುಂಬ ಸಮಯ ಆಯ್ತು," ಎಂದಳು.

ಬೋಲ್ಟು ತಿರುಗಿಸುತ್ತಿದ್ದ ಪಾನಾದ ಸದ್ದು ನಿಂತಿತು. "ಗುಣಾ?"

"ತುಂಬ ಸಮಯ ಆಯ್ತು ಅಂದೆ." ಅವಳ ದನಿ ತಗಡಿನ ಗೋಡೆಗೆ ಬಡಿದು ಹಿಂದಕ್ಕೆ ಬಂತು. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು.

"ಅಲ್ಲಿ ಇದ್ದೀಯಾ ನೀನು?"

ಗುಣವತಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ಮಲಗಿ, ಮೊಣಕೈ ಊರುತ್ತ ಚಕ್ರಗಳ ನಡುವೆ ಒಳಗೆ ಸರಿದಳು. ತಲೆಯ ಮೇಲೆ ಕಬ್ಬಿಣ, ಕೈಯಳತೆಯಲ್ಲಿ ಅವನ ಮುಖ. ತಟ್ಟೆಯ ಎಣ್ಣೆಯಲ್ಲಿ ಹಿತ್ತಾಳೆಯ ಹುಡಿ ಸುತ್ತುತ್ತಿತ್ತು. ಅವನು ದೀಪ ಎತ್ತಿ ಹಿಡಿದು ಎಂಜಿನ್ನನ್ನೇ ನೋಡುತ್ತಿದ್ದ. ಅವಳು ಅವನ ಕೈಯಿಂದ ದೀಪ ತೆಗೆದುಕೊಂಡು, ಬೆಳಕನ್ನು ತನ್ನ ತುಟಿಗಳ ಮೇಲೆ ತಿರುಗಿಸಿಕೊಂಡಳು.