ಒಂದೊಂದು ಉಳಿಗೂ ಒಂದೊಂದು ಜೇಬು

ತಮ್ಮನ ಹೆಂಡತಿ ಭಾರದ ಪೆಟ್ಟಿಗೆಯನ್ನು ಅಕ್ಕನ ಅಂಗಡಿಯ ಮೇಜಿನ ಮೇಲೆ ಕುಕ್ಕಿ, "ಅಕ್ಕಾ, ನೀವೇ ಏನಾದ್ರೂ ಮಾಡಿ. ನನಗಂತೂ ಸಾಕಾಗಿ ಹೋಯ್ತು," ಎಂದಳು.

ಒಳಗೆ ಉಳಿ, ಅರ, ಸುತ್ತಿಗೆಗಳು ಅಡ್ಡಾದಿಡ್ಡಿ ಬಿದ್ದಿದ್ದವು. ತಮ್ಮ ಬಡಗಿ. ಅವನು ಕೂರಿಸಿದ ಬಾಗಿಲು ಒಂದು ದಿನವೂ ಕಿರುಗುಟ್ಟಿದ್ದಿಲ್ಲ. ಈಗ ಅವನಿಗೆ ಮರೆವಿನ ಕಾಯಿಲೆ. ಇಟ್ಟದ್ದು ಸಿಗದಿದ್ದರೆ ಹೆಂಡತಿಯನ್ನೇ ಕಳ್ಳಿ ಎನ್ನುತ್ತಿದ್ದ. ಸಣ್ಣ ಉಳಿ ಬೆಳಿಗ್ಗೆ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತ್ತು.

"ಸದ್ಯ, ಟೀಗೆ ಹಾಕಿ ಕಲಕಲಿಲ್ವಲ್ಲ," ಎಂದಳು ಅಕ್ಕ. ಇಬ್ಬರಿಗೂ ನಗು ಬರಲಿಲ್ಲ.

ಡಾಕ್ಟರೇ ಕೈಚೆಲ್ಲಿದ್ದರು. ಚರ್ಮದ ಚೀಲ ಹೊಲಿದೇ ಕೂದಲು ಬೆಳ್ಳಗಾಗಿಸಿಕೊಂಡ ಅಕ್ಕನಿಗೆ ಹೊಲಿಗೆ ಬಿಟ್ಟು ಬೇರೇನು ಗೊತ್ತು? ಚರ್ಮವನ್ನು ನೆನೆಸಿ, ಒಂದೊಂದು ಹತಾರವನ್ನೂ ಅದಕ್ಕೆ ಒತ್ತಿ ಅಚ್ಚು ತೆಗೆದಳು. ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದು. ದಬ್ಬಳದಿಂದ ತೂತು ಹೊಡೆದು, ಮೇಣದ ದಾರದಲ್ಲಿ, ಸುರುಳಿ ಸುತ್ತುವಂಥ ಚೀಲಕ್ಕೆ ಜೇಬುಗಳನ್ನು ಹೊಲಿದಳು. ತಮ್ಮ ದಿನಾ ಬಂದು ಪಕ್ಕದಲ್ಲಿ ಕೂರುತ್ತಿದ್ದ. "ದಾರ ಎಳಿಯೇ, ಸೋಮಾರಿ," ಎಂದು ಒಮ್ಮೊಮ್ಮೆ ಛೇಡಿಸುತ್ತಿದ್ದ. ಅಂಥ ದಿನಗಳಲ್ಲಿ ಅಕ್ಕನ ಕೈ ಚುರುಕಾಗುತ್ತಿತ್ತು. ಉಳಿದ ದಿನ ಅವನು ಗೋಡೆ ನೋಡುತ್ತಿದ್ದ.

ಕೆಲಸ ಮುಗಿದ ದಿನ ಅವಳು ಚೀಲವನ್ನು ಹಾಸಿ, ಹತಾರಗಳನ್ನು ಅವನ ಮುಂದೆ ಸುರಿದಳು. ಅವನು ಅಗಲದ ಉಳಿ ಎತ್ತಿಕೊಂಡ, ಅಲಗಿನ ಮೇಲೆ ಹೆಬ್ಬೆರಳಾಡಿಸಿದ, ಅದರ ಜೇಬಿಗೇ ಇಳಿಸಿದ. ಆಮೇಲೆ ಅರ. ಆಮೇಲೆ ಸುತ್ತಿಗೆ. ಒಂದೂ ತಪ್ಪಲಿಲ್ಲ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

ತಮ್ಮ ಚೀಲವನ್ನು ಸುರುಳಿ ಸುತ್ತಿ, ಪಟ್ಟಿ ಬಿಗಿದು, ಅವಳ ಕಡೆ ತಳ್ಳಿದ.

"ಒಳ್ಳೇ ಸಾಮಾನು ಇಟ್ಟಿದಾನೆ ಪುಣ್ಯಾತ್ಮ. ಬಂದಾಗ ಜೋಪಾನವಾಗಿ ಕೊಟ್ಬಿಡಿ ಅಮ್ಮಾ."

ಹುಟ್ಟಿದಾಗಿನಿಂದ ಅವನು ಅವಳನ್ನು ಬಹುವಚನದಲ್ಲಿ ಕರೆದವನಲ್ಲ.

"ಇದು ನಿಂದೇ ಕಣೋ. ನಾನು ನಿನ್ನಕ್ಕ."

ಅವನು ಸಂಕೋಚದಿಂದ ನಕ್ಕ. "ನಂದಲ್ಲದ್ದು ನಾನು ಮುಟ್ಟಲ್ಲ."

ಹೆಂಡತಿ ಚೀಲವನ್ನು ಮನೆಗೆ ಒಯ್ದರೂ ಅದು ಅಲ್ಲಿ ಉಳಿಯಲಿಲ್ಲ. ಯಾರದೋ ಸೊತ್ತು ಮನೆಯಲ್ಲಿದೆಯೆಂದು ತಮ್ಮ ಅನ್ನ ಬಿಟ್ಟು ಕೂತ. ಹೆಂಡತಿ ಅದನ್ನು ತಂದು ಅಕ್ಕನ ಅಂಗಡಿಯ ಮೊಳೆಗೆ ನೇತುಹಾಕಿದಳು. ಈಗಲೂ ಅವನು ಹೆಂಡತಿಯ ಕೈ ಹಿಡಿದು ಬರುತ್ತಾನೆ.

"ಆ ಬಡಗಿ ಬಂದಿದ್ನಾ ಅಮ್ಮಾ?"

ಅಕ್ಕ ದಾರಕ್ಕೆ ಮೇಣ ಹಚ್ಚುತ್ತಾ, ತಲೆ ಎತ್ತದೆ ಹೇಳುತ್ತಾಳೆ: "ಇನ್ನೂ ಇಲ್ಲಪ್ಪ."