ಸಲೀಸು ಮಾತಿನ ಗುಂಡಿ

ಏಣಿಯಿಂದ ಬಿದ್ದು ಬೆನ್ನುಹುರಿ ಜಜ್ಜಿ, ಗಡಿಯಾರ ರಿಪೇರಿಯವನ ಎರಡೂ ಕಾಲು ಸ್ವಾಧೀನ ತಪ್ಪಿದಾಗಲೂ ಅವನ ಹೆಂಡತಿ ಇಷ್ಟು ಹೆದರಿರಲಿಲ್ಲ. "ಕಾಲು ಆಡದಿದ್ರೆ ಹೃದಯಾನೂ ಸೋಮಾರಿ ಆಗುತ್ತಮ್ಮ. ರಕ್ತನಾಳದಲ್ಲಿ ಕೊಬ್ಬು ಕೂತ್ಕೊಳ್ಳುತ್ತೆ. ಕೈಗಾದ್ರೂ ಕೆಲಸ ಕೊಡಿ," ಎಂದಿದ್ದರು ಡಾಕ್ಟರು. ಅವಳು ಬೆಣ್ಣೆ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಅವನನ್ನು ವ್ಯಾಯಾಮ ಕೇಂದ್ರಕ್ಕೆ ಸೇರಿಸಿದಳು. ಎಡವಟ್ಟಾದದ್ದೇ ಅಲ್ಲಿ.

ಅಲ್ಲಿ ಕೈಯಿಂದ ಪೆಡಲು ತಿರುಗಿಸುವ ಯಂತ್ರವಿತ್ತು. ಯಂತ್ರದ ಪಕ್ಕದಲ್ಲಿ ವ್ಯಾಯಾಮ ಹೇಳಿಕೊಡುವವಳಿದ್ದಳು. ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಮಹಾರಾಯ ಅವಳೆದುರು ಬಾಯಿ ಮುಚ್ಚುತ್ತಲೇ ಇರಲಿಲ್ಲ! ಕಿಟಕಿಯಿಂದ ಇಣುಕಿದ ಹೆಂಡತಿಯ ಹೊಟ್ಟೆಗೆ ಬೆಂಕಿ ಬಿತ್ತು. ಹೃದಯ ಉಳಿಸಿಕೊಂಡು ಬಾ ಎಂದು ಕಳಿಸಿದರೆ ಇವನು ಅದನ್ನೇ ಕೊಟ್ಟು ಬರುತ್ತಿದ್ದಾನಲ್ಲ!

ಒಂದು ದಿನ ತಡೆಯಲಾರದೆ ಒಳಗೇ ನುಗ್ಗಿದಳು.

"ಇಲ್ಲಿ ವ್ಯಾಯಾಮ ನಡೀತಿದೆಯೋ, ಹರಟೆ ನಡೀತಿದೆಯೋ?"

"ಹರಟೆನೇ ಇಲ್ಲಿ ಅಳತೆ ಅಕ್ಕಾ," ಎಂದು ನಕ್ಕಳು ಆಕೆ. "ಬೆನ್ನುಹುರಿಗೆ ಏಟು ಬಿದ್ದ ಎಷ್ಟೋ ಜನರ ದಣಿವು ನಾಡಿ ಹಿಡಿದ್ರೆ ಸರಿಯಾಗಿ ಗೊತ್ತಾಗಲ್ಲ. ಅದಕ್ಕೇ ಮಾತಾಡಿಸ್ತೀನಿ. ಸಲೀಸಾಗಿ ಮಾತಾಡಿದ್ರೆ ಈ ಗುಂಡಿ ತಿರುವಿ ಪೆಡಲು ಬಿಗಿ ಮಾಡ್ಬೇಕು. ಮಾತು ತುಂಡುತುಂಡಾಗಿ ಬಂದ್ರೆ ಸರಿ. ಬಾಯೇ ಬಿಡೋಕಾಗದಿದ್ರೆ ನಿಲ್ಲಿಸ್ಬೇಕು. ಮನೆಗೂ ಒಂದು ಚಿಕ್ಕ ಯಂತ್ರ ಕೊಡ್ತೀನಿ, ನೀವೇ ಮಾತಾಡಿಸಿ."

ಯಂತ್ರ ಅಡುಗೆಮನೆಯ ಮೇಜೇರಿತು. ಅವನು ಪೆಡಲು ತಿರುಗಿಸತೊಡಗಿದ. ಅವಳು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಹೂಂ, ಮಾತಾಡಿ."

"ನಿನ್ನ ಹತ್ರ ಏನೇ ಮಾತಾಡ್ಲಿ?"

ಅವಳಿಗೆ ಅಳು ಬಂತು, ನುಂಗಿಕೊಂಡಳು. "ಅವಳ ವಿಷಯಾನೇ ಹೇಳಿ."

ಹೇಳಿದ. ಎಂಥ ತಾಳ್ಮೆ, ಎಂಥ ನಗು! ಎಲ್ಲೂ ತಡವರಿಸದೆ, ಏದುಸಿರು ಬಿಡದೆ ಹೇಳಿದ. ಬಹಳ ಸಲೀಸಾದ ಮಾತು. ಅವಳು ಗುಂಡಿ ತಿರುವಿದಳು. ಇನ್ನೊಂದಿಷ್ಟು ತಿರುವಿದಳು.

"ಅವರ... ಕೈಗುಣ... ಬಹಳ..."

"ಹಾಂ, ಈಗ ಸರಿಯಾಯ್ತು ನೋಡಿ!"

ಅವನು ಕಳ್ಳನಗೆ ನಕ್ಕ. "ಅಲ್ಲಿ... ಯಾರ ವಿಷಯ... ಹೇಳ್ತಿದ್ದೆ... ಗೊತ್ತಾ? ನಿನ್ನ..." ಎಂದು ಉಸಿರಿಗಾಗಿ ತಡೆದ.

ಮುಂದಿನದು ಕೇಳುವ ಆಸೆಗೆ ಅವಳ ಕೈ ಗುಂಡಿಯ ಮೇಲೆ ಹೋಯಿತು. ಆದರೆ ಸಡಿಲಿಸಲಿಲ್ಲ. ಈ ಮನುಷ್ಯ ಬಹಳ ಕಾಲ ಬದುಕಬೇಕು. ಉಳಿದದ್ದನ್ನು ನಾಳೆ ಹೇಳಲಿ, ನಾಡಿದ್ದು ಹೇಳಲಿ. ಆದರೆ ತನ್ನೆದುರೇ ಹೇಳಲಿ.